ಜುನಿಪರ್ ಮತ್ತು ನಾನು ಉಜ್ಜಿದ ಪಾಚಿ

ಒಂಬತ್ತನೇ ತರಗತಿಯ ಮಗಳು ಪ್ರಾಜೆಕ್ಟ್‌ಗಾಗಿ ಜುನಿಪರ್ ಮರವನ್ನೂ ಬ್ರಯಮ್ ಎಂಬ ಪಾಚಿಯನ್ನೂ ಹೋಲಿಸಬೇಕಿತ್ತು. ಜುನಿಪರ್ ಸುಲಭವಾಗಿ ಸಿಕ್ಕಿತು. ಇಲ್ಲಿ ಒಮಾನಿನ ಜಬಲ್ ಅಖ್ದರ್ ಬೆಟ್ಟಕ್ಕೆ ಹೋದಾಗ ಮುರಿದುಬಿದ್ದಿದ್ದ ರೆಂಬೆಯೊಂದನ್ನು ನನ್ನ ಗಂಡ ನೀಲಿ ಕಾಯಿಗಳ ಸಮೇತ ತಂದು ನೀರಿನ ಲೋಟದಲ್ಲಿ ಇಟ್ಟರು. ಈ ಒಣ ಊರಿನಲ್ಲಿ ಪಾಚಿ ಹುಡುಕಿದ್ದು ಮಗಳೇ. ಮತ್ರಾದ ನಮ್ಮ ಕಟ್ಟಡದ ಹಿಂದಿನ ಮೆಟ್ಟಿಲಲ್ಲಿ, ಎಸಿ ಪೈಪಿನ ನೀರು ತೊಟ್ಟಿಕ್ಕುವಲ್ಲಿ, ಅಂಗೈಯಗಲ ಹಸಿರು. ಮೂರು ವಾರದಿಂದ ಭೂತಗನ್ನಡಿ ಹಿಡಿದು ನೋಡಿ ಬರೆದುಕೊಳ್ಳುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಸ ಹಾಕಲು ಇಳಿದ ನನ್ನ ಕಣ್ಣಿಗೆ ಅದು ಬಿತ್ತು. ನಾನು ಉಡುಪಿ ಕಡೆಯವಳು. ಪಾಚಿ ಕಂಡರೆ ನಮಗೆ ಕಾಣುವುದು ಹಸಿರಲ್ಲ, ಮುರಿದ ಸೊಂಟ. ಮಳೆ ಹಿಡಿದರೆ ಬ್ಲೀಚಿಂಗ್ ಪೌಡರ್ ಎರಚಿ ಅಂಗಳ ತಿಕ್ಕುವುದು ನಮ್ಮಲ್ಲಿ ಅಡುಗೆಯಷ್ಟೇ ಮಾಮೂಲು ಕೆಲಸ. ಬಕೆಟ್, ಬ್ರಷ್ ತಂದು ಮೆಟ್ಟಿಲು ಬೆಳ್ಳಗಾಗುವವರೆಗೆ ಉಜ್ಜಿದೆ. ಮೇಲೆ ಬಂದು ಜಂಬದಿಂದ ಹೇಳಿಕೊಂಡೆ ಬೇರೆ.

ಮಗಳು ಕೆಳಗೆ ಓಡಿದಳು. ನಿಧಾನವಾಗಿ ಮೇಲೆ ಬಂದಳು. "ಅಮ್ಮಾ, ದಟ್ ವಾಸ್ ಮೈ ಮಾಸ್, ನನ್ನ ಪಾಚಿ." ಅಷ್ಟೇ. ಜಗಳವಾಡಿದ್ದರೂ ಸಹಿಸುತ್ತಿದ್ದೆ. ಇಲ್ಲಿ ವಾರದ ಶಾಲೆ ಶುರುವಾಗುವುದೇ ಭಾನುವಾರ, ಅಂದೇ ಪ್ರಾಜೆಕ್ಟ್ ಕೊಡಬೇಕು, ಎರಡರ ಮಾದರಿಯ ಜೊತೆಗೆ.

"ಇಡೀ ಒಮಾನಿನಲ್ಲಿ ಪಾಚಿಗೆ ಹೆದರುವವಳು ನೀನೊಬ್ಬಳೇ ಮಾರಾಯ್ತಿ," ಎಂದು ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ತಾಯಿ ಮಗಳು ಮತ್ರಾದ ಓಣಿ ಓಣಿ ಸುತ್ತಿ, ಕಂಡವರ ಎಸಿ ಪೈಪಿನ ಕೆಳಗೆಲ್ಲ ಬಗ್ಗಿ ನೋಡಿದೆವು. ಎಲ್ಲೂ ಇರಲಿಲ್ಲ.

ಶನಿವಾರ ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಗೆಳತಿಯರಿಗೆ ತೋರಿಸಲು ಎಂದೋ ಕೆರೆದಿಟ್ಟ ಪಾಚಿಯ ಚೂರು, ಚಹಾಪುಡಿಯ ಹಾಗೆ ಒಣಗಿತ್ತು. "ಇಟ್ಸ್ ಡೆಡ್ ಅಮ್ಮ, ಬಿಸಾಡು." ಮನಸ್ಸು ಕೇಳಲಿಲ್ಲ. ಚಟ್ನಿ ಬಟ್ಟಲಿಗೆ ಹಾಕಿ, ನೀರು ಚಿಮುಕಿಸಿ, ತಪ್ಪಾಯಿತು ಎಂದೆ, ಪಾಚಿಗೇ. ಸಾರಿಗೆ ಒಗ್ಗರಣೆ ಹಾಕಿ ತಿರುಗಿ ನೋಡಿದರೆ, ಮುದುಡಿದ್ದ ಎಲೆ ಬಿಚ್ಚಿ ಹಸಿರಾಗಿತ್ತು! ನನ್ನ ಕೂಗಿಗೆ ಓಡಿಬಂದ ಮಗಳು ಕುತ್ತಿಗೆಗೇ ಜೋತುಬಿದ್ದಳು. ಶುಕ್ರವಾರದಿಂದ ಹಿಡಿದಿಟ್ಟ ಅಳು ನನಗೆ ಆಗ ಬಂತು. ಪಕ್ಕದ ಲೋಟದಲ್ಲಿ ವಾರದಿಂದ ನೀರಲ್ಲೇ ನಿಂತ ಜುನಿಪರ್ ರೆಂಬೆ ಮಾತ್ರ ಬಾಡುತ್ತಲೇ ಇತ್ತು.

ಅದನ್ನೂ ಅವಳು ಬರೆದಳು. ಜುನಿಪರಿಗೆ ಬೇರುಂಟು, ಬೀಜವುಂಟು. ಪಾಚಿಗೆ ಎರಡೂ ಇಲ್ಲ. ಆದರೆ ಒಣಗಿದ ರೆಂಬೆ ಮತ್ತೆ ಹಸಿರಾಗದು, ಒಣಗಿದ ಪಾಚಿ ಆಗುತ್ತದೆ. ಕೊನೆಯ ಸಾಲು ಶತ್ರುಗಳದ್ದು. ಜುನಿಪರಿಗೆ: ಮೇಕೆ. ಪಾಚಿಗೆ: ಅಮ್ಮ.

ಪುಟದ ಕೆಳಗೆ ಪೋಷಕರ ಸಹಿ ಬೇಕಿತ್ತು. ಹಾಕಿಕೊಟ್ಟೆ.