ಹೆಡ್‌ಲೈಟಿಲ್ಲದ ಸ್ಕೂಟರ್

ಹುಲಿಗೆಮ್ಮ ಟೀಚರ್ ಅವರ ಸ್ಕೂಟರಿಗೆ ಹೆಡ್‌ಲೈಟ್ ಇರಲಿಲ್ಲ. ಅದನ್ನು ಒಡೆದವಳು ನಾನು.

ಸಿಂಧನೂರಿನ ನಮ್ಮ ಶಾಲೆಗೆ ಅವರು ದೈಹಿಕ ಶಿಕ್ಷಕಿ. ಗಿಡ್ಡ ಆಳು, ಸೀರೆಯ ಮೇಲೊಂದು ಗಂಡಸರ ಅಂಗಿ, ಕೊರಳಲ್ಲಿ ಸೀಟಿ. ಸುತ್ತಲಿನವರೆಲ್ಲ ಹಿಮ್ಮುಖವಾಗಿ ಜಾರಿ ಬಂದು ಕಬ್ಬಿಣದ ಗುಂಡು ಎಸೆಯುತ್ತಿದ್ದಾಗ, ಇವರು ಮೊಬೈಲಿನಲ್ಲಿ ನೋಡಿ ನೋಡಿ ಗಿರಕಿ ಹೊಡೆದು ಎಸೆಯುವುದನ್ನು ತಾವೇ ಕಲಿತು ನನಗೆ ಕಲಿಸಿದರು. ರೈಸ್‌ಮಿಲ್ಲಿನಿಂದ ಹೊಟ್ಟಿನ ಬೂದಿ ತಂದು ಸಿಮೆಂಟಿನ ವೃತ್ತದ ಮೇಲೆ ತೆಳ್ಳಗೆ ಉದುರಿಸುವರು. ನಾನು ಬರಿಗೈಯಲ್ಲಿ ಸುತ್ತಿದ ಮೇಲೆ ಕುಕ್ಕರುಗಾಲಲ್ಲಿ ಕೂತು ನನ್ನ ಪಾದದ ಗುರುತುಗಳನ್ನು ಓದುವರು.

"ಎಡಗಾಲು ಪೂರಾ ತಿರುಗೇ ಇಲ್ಲ ನೋಡಬೇ. ಮೊದ್ಲ ಕಾಲು, ಆಮ್ಯಾಲ ನಡಾ, ಕಡೀಕ ಗುಂಡು. ಗುಂಡಿಗೇನು ಬಸ್ ತಪ್ಪಾಕತ್ತೈತೇನು?"

ಒಂದು ದಿನ ಗುಂಡಿಗೆ ಅವಸರವಾಯಿತು. ಅರ್ಧ ಸುತ್ತಿನಲ್ಲೇ ಬೆವರಿದ ಕೈಯಿಂದ ಜಾರಿ ಬಲಕ್ಕೆ ಹಾರಿತು. ಟೀಚರ್ ಅಲ್ಲೇ ಸ್ಕೂಟರಿಗೆ ಒರಗಿ ನಿಂತಿದ್ದವರು, ಚಹಾ ಬಂತೆಂದು ಆಗಷ್ಟೇ ಎರಡು ಹೆಜ್ಜೆ ಆಚೆ ಹೋಗಿದ್ದರು. ಎರಡೇ ಹೆಜ್ಜೆ. ಹೆಡ್‌ಲೈಟ್ ಒಡೆದ ಸದ್ದಿಗೆ ನಾನು ವೃತ್ತದಲ್ಲೇ ಕೂತುಬಿಟ್ಟೆ. ಅವರು ಚಹಾ ಚೆಲ್ಲದಂತೆ ನಡೆದು ಬಂದು ಗಾಡಿ ನೋಡಿದರು.

"ಜೋರ್ ಐತಿ ಕೈಯಾಗ. ದಿಕ್ಕಷ್ಟ ಬೇಕು."

ಆಮೇಲೆ ನನ್ನ ಕಾಲು ತಿರುಗಲಿಲ್ಲ. ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡ ಕೂಡಲೇ ಆ ಎರಡು ಹೆಜ್ಜೆ ನೆನಪಾಗಿ, ನಿಂತಲ್ಲಿಂದಲೇ ಎಸೆದುಬಿಡುತ್ತಿದ್ದೆ. ಟೀಚರ್ ಬೈಯಲಿಲ್ಲ. ದಿನಾ ಸ್ಕೂಟರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ತಾವು ಮಾತ್ರ ನನ್ನ ಹಿಂದೆ ದೂರ ಹೋಗಿ ನಿಲ್ಲುವರು.

"ಗಾಡಿ ಸರಸ್ರೀ ಟೀಚರ್."

"ಯಾಕ? ಇನ್ನಾ ಎರಡು ಕನ್ನಡಿ ಉಳದಾವು."

ಲಿಂಗಸುಗೂರಿನ ಕ್ರೀಡಾಕೂಟದಲ್ಲಿ ನನಗಿದ್ದ ಮೂರು ಎಸೆತಗಳಲ್ಲಿ ಎರಡನ್ನು ನಿಂತಲ್ಲಿಂದಲೇ ಎಸೆದು ಕಳೆದಿದ್ದೆ. ಕೊನೆಯದಕ್ಕೆ ವೃತ್ತದೊಳಗೆ ಬಂದು ತಲೆಯೆತ್ತಿದರೆ, ಬಲಕ್ಕೆ, ಗುಂಡು ಮುಟ್ಟಲಾರದಷ್ಟು ದೂರದ ಬೇಲಿಯಾಚೆ, ಮಸ್ಕಿ ದಾರಿಯ ಧೂಳು ಮೆತ್ತಿದ ಅದೇ ಸ್ಕೂಟರ್. ಪಕ್ಕದಲ್ಲಿ ಟೀಚರ್, ಎರಡೂ ಅಂಗೈಗಳಿಂದ ಎರಡೂ ಕನ್ನಡಿಗಳನ್ನು ಮುಚ್ಚಿ ನಿಂತಿದ್ದರು.

ನಗು ತಡೆಯಲಾಗಲಿಲ್ಲ. ನಗುತ್ತಲೇ ಸುತ್ತಿದೆ. ಮೊದಲು ಕಾಲು, ಆಮೇಲೆ ನಡು, ಕಡೆಗೆ ಗುಂಡು. ಅದು ನೇರ ಹೋಯಿತು. ಮೂರನೇ ಸ್ಥಾನ ಬಂತು. ಬೇಲಿಯಾಚೆಯಿಂದ ಸೀಟಿ ನಿಲ್ಲಲೇ ಇಲ್ಲ.

ಮರುವರ್ಷ ಅವರಿಗೆ ಮಸ್ಕಿಗೆ ವರ್ಗವಾಯಿತು. ಹೊರಟ ದಿನ ಹೊಸ ಹೆಡ್‌ಲೈಟ್ ಒಯ್ದು ಕೊಟ್ಟೆ. "ಹೊತ್ತು ಮುಣುಗೋದ್ರಾಗ ಮನಿ ಸೇರೋ ಹೆಂಗಸು ನಾನು, ನನಗ್ಯಾಕಬೇ ಇದು?" ಎಂದು ಮರಳಿ ನನ್ನ ಕೈಗಿಟ್ಟು ಹೋದರು.

ಈಗ ದಢೇಸುಗೂರಿನಲ್ಲಿ ನಾನು ಕಲಿಸುತ್ತೇನೆ. ನನ್ನ ಗಾಡಿಯೂ ಬಲಗಡೆಯೇ ನಿಲ್ಲುತ್ತದೆ. ಮೊನ್ನೆ ಹುಡುಗಿಯೊಬ್ಬಳ ಗುಂಡು ಜಾರಿ ಅದರ ಒಂದು ಕನ್ನಡಿ ಒಡೆಯಿತು. ಟೀಚರ್‌ಗೆ ಹೇಳಬೇಕೆಂದು ಕೈ ಮೊಬೈಲಿಗೆ ಹೋಯಿತು. ಅವರು ತೀರಿಕೊಂಡು ವರ್ಷವಾಗಿದೆ. ಮೊಬೈಲ್ ಒಳಗಿಟ್ಟು, ಅಳುತ್ತ ಕೂತಿದ್ದ ಆ ಹುಡುಗಿಯ ಪಕ್ಕ ಕೂತೆ.

"ಅಳಬ್ಯಾಡಬೇ," ಅಂದೆ. "ಇನ್ನೊಂದು ಉಳದೈತಿ."