ಎರಡು ಸಲ ಬೀಗ ಕಂಡ ಮನೆ

ಕೋವಿಡ್‌ಗೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಬೆಂಗಳೂರು ದಕ್ಷಿಣದಲ್ಲಿ ಶಿಕ್ಷಣ ಸಂಯೋಜಕಿಯಾಗಿದ್ದೆ. ನಿವೃತ್ತಿಗೆ ಹದಿನೈದು ತಿಂಗಳು ಬಾಕಿ. ಆರ್‌ಟಿಇ ಕಾಯ್ದೆಯಡಿ ಖಾಸಗಿ ಶಾಲೆಗಳು ನಾಲ್ಕರಲ್ಲಿ ಒಂದು ಸೀಟನ್ನು ಬಡ ಮಕ್ಕಳಿಗೆ ಉಚಿತವಾಗಿ ಕೊಡಬೇಕಿತ್ತು. ಯಾರಿಗೆ ಎಂಬುದನ್ನು ಕಂಪ್ಯೂಟರ್ ಲಾಟರಿ ತೀರ್ಮಾನಿಸುತ್ತಿತ್ತು. ಹೆಸರು ಬಂದ ಮಗು ನಿಜವಾಗಿ ಅದೇ ವಾರ್ಡಿನಲ್ಲಿ ವಾಸವಾಗಿದೆಯೇ ಎಂದು ಮನೆಗೇ ಹೋಗಿ ನೋಡಿ ಬರೆಯುವುದು ನನ್ನ ಪಾಲಿನ ಕೆಲಸ.

ಈ ಕೆಲಸದಲ್ಲಿ ನಾನು ಬಲು ಖಡಕ್ ಎಂದು ಹೆಸರಾಗಿತ್ತು. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಸೀಟಿಗಾಗಿ ಇಲ್ಲದ ಮನೆಯ ಬಾಡಿಗೆ ಕರಾರು ಮಾಡಿಸಿ ತರುವವರಿದ್ದರು. ಅದಕ್ಕೇ ನಮ್ಮಲ್ಲೊಂದು ರೂಢಿ: ಮೊದಲೇ ಫೋನ್ ಮಾಡಬಾರದು, ಮಾಡಿದರೆ ನಾಟಕ ಹೂಡುತ್ತಾರೆ. ಹನ್ನೊಂದರಿಂದ ಒಂದು ಗಂಟೆಯೊಳಗೆ ಹೇಳದೆ ಕೇಳದೆ ಹೋಗಬೇಕು. ಎರಡು ಸಲವೂ ಬೀಗ ಕಂಡರೆ ‘ವಾಸವಿಲ್ಲ’ ಎಂದು ಬರೆಯಬೇಕು.

ಆ ವರ್ಷ ಹೊಸಕೆರೆಹಳ್ಳಿಯ ಒಂದು ಓಣಿಯಲ್ಲಿದ್ದ ಐಶ್ವರ್ಯಾ ಎಂಬ ಹುಡುಗಿಗೆ ಸೀಟು ಬಂದಿತ್ತು. ಮಗುವಿಗೆ ಕಿವಿ ಮಂದ. ಅವಳಿಗೆ ಸಿಕ್ಕಿದ್ದ ಶಾಲೆಯಲ್ಲಿ ಅಂಥ ಮಕ್ಕಳಿಗೆಂದೇ ಒಬ್ಬ ಟೀಚರ್ ಇದ್ದರು. ನಡೆದು ಹೋಗುವಷ್ಟು ಹತ್ತಿರದ ಬೇರೆ ಯಾವ ಶಾಲೆಯಲ್ಲೂ ಇರಲಿಲ್ಲ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಸೋಮವಾರ ಹೋದೆ, ಬೀಗ. ಗುರುವಾರ ಹೋದೆ, ಬೀಗ. ಎದುರು ಮನೆಯವರು ಹಗಲಲ್ಲಿ ಇಲ್ಲಿ ಯಾರೂ ಇರೋದಿಲ್ಲ ಎಂದರು. ಹಗಲಲ್ಲಿ ಎಂದಿದ್ದನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ. ಓಣಿಯಲ್ಲೇ ನಿಂತು ‘ವಾಸವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಸೀಟು ಪಟ್ಟಿಯಲ್ಲಿ ಅವಳ ನಂತರವಿದ್ದ ಮಗುವಿಗೆ ಹೋಯಿತು. ನಾನು ಹೋದಾಗ ಆ ಮಗುವಿನ ಮನೆಯಲ್ಲಿ ಅಜ್ಜಿ ಇದ್ದರು, ಬಾಗಿಲು ತೆಗೆದು ಕಾಫಿಯನ್ನೂ ಕೊಟ್ಟರು.

ಹತ್ತು ದಿನದ ಮೇಲೆ ಐಶ್ವರ್ಯಾಳ ತಾಯಿ ಭಾಗ್ಯ ಮಗುವನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಳು. ಸೀಟು ಬಂದಿದೆಯೆಂಬ ಮೆಸೇಜ್ ಅವಳ ಫೋನಿನಲ್ಲಿತ್ತು. ಶಾಲೆಯವರು ಹೆಸರಿಲ್ಲ ಎಂದು ವಾಪಸ್ಸು ಕಳಿಸಿದ್ದರು. ಎರಡು ಸಲ ಬೀಗವಿತ್ತಲ್ಲ ಎಂದು ನಾನು ಗದರಿಸಿಯೇ ಕೇಳಿದೆ.

“ಬನಶಂಕರೀಲಿ ಐದು ಮನೆ ಕೆಲಸ ಮಾಡ್ತೀನಿ ಮೇಡಂ. ಬೆಳಿಗ್ಗೆ ಆರಕ್ಕೆ ಹೊರಟ್ರೆ ಸಂಜೆ ಐದಕ್ಕೇ ಬರೋದು. ಇವಳನ್ನೂ ಜೊತೇಲೇ ಕರ್ಕೊಂಡು ಹೋಗ್ತೀನಿ. ಒಂದು ಫೋನ್ ಮಾಡಿದ್ರೆ ರಜಾ ಹಾಕಿ ಕಾಯ್ತಿದ್ದೆ.”

ಅವಳ ನಂಬರ್ ಅರ್ಜಿಯ ಮೊದಲ ಪುಟದಲ್ಲೇ ಇತ್ತು. ನಮ್ಮ ಮನೆಗೂ ಕೆಲಸದವಳು ಬರುತ್ತಿದ್ದದ್ದು ಹನ್ನೊಂದಕ್ಕೇ; ಹತ್ತು ನಿಮಿಷ ತಡವಾಯಿತೆಂದು ಮನೆಯವರು ಹೇಳಿದರೆ ನಾನು ಅವಳಿಗೆ ಫೋನ್ ಮಾಡಿ ರೇಗಾಡುತ್ತಿದ್ದೆ. ಆ ಹೊತ್ತಿಗೆ ಮನೆಗೆಲಸದ ಹೆಂಗಸರು ತಮ್ಮ ಮನೆಯಲ್ಲಿರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ತಪ್ಪು ನನ್ನದೆಂದು ಒಂದು ಪತ್ರ ಬರೆದಿದ್ದರೆ ಮೇಲಧಿಕಾರಿಗಳು ಏನಾದರೂ ದಾರಿ ಹುಡುಕುತ್ತಿದ್ದರೇನೋ. ವಿಚಾರಣೆಯಾದೀತು, ನಿವೃತ್ತಿಯ ಹೊತ್ತಿಗೆ ಹೆಸರು ಕೆಟ್ಟೀತು ಎಂದು ಹೆದರಿದೆ. “ಬೀಗದ ವಿಷಯಕ್ಕಲ್ಲ, ಕಂಪ್ಯೂಟರೇ ತೆಗೆದುಹಾಕಿಬಿಟ್ಟಿದೆಯಮ್ಮ, ನಮ್ಮ ಕೈಲಿ ಏನೂ ಇಲ್ಲ” ಎಂದೆ.

ಭಾಗ್ಯ ಜಗಳವಾಡಲಿಲ್ಲ. ಮಗುವಿನ ಕಿವಿಯ ಮೆಷಿನ್ ಸರಿಮಾಡಿ ಎದ್ದಳು. “ಹೋಗ್ಲಿ ಬಿಡಿ ಮೇಡಂ. ಅರ್ಜಿ ತುಂಬೋವಾಗ ನಾನೇ ಏನೋ ತಪ್ಪು ಮಾಡಿರ್ಬೇಕು” ಎಂದಳು.

ಅಲ್ಲ ಎಂದು ಆಗಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಉಳಿದ ತಿಂಗಳುಗಳಲ್ಲಿ ಫೋನ್ ಮಾಡಿಯೇ ಹೋದೆ, ಸಂಜೆ ಆರರ ಮೇಲೆ ಹೋದೆ. ಒಂದು ಮನೆಯಲ್ಲೂ ಬೀಗ ಕಾಣಲಿಲ್ಲ. ಎಲ್ಲರಿಗೂ ಒಂದೇ ನಿಯಮ ಹಾಕಿದರೆ ನ್ಯಾಯವಾಯಿತು ಎಂದು ಮೂವತ್ತು ವರ್ಷ ನಂಬಿಕೊಂಡಿದ್ದೆ. ಹಗಲು ಮನೆಯಲ್ಲಿ ಕೂರಲು ಯಾರಾದರೂ ಇರುವವರಿಗೆ ಮಾತ್ರ ಆ ನಿಯಮ ನ್ಯಾಯವಾಗಿತ್ತು. ಕಂಪ್ಯೂಟರ್ ಐಶ್ವರ್ಯಾಳನ್ನು ಸರಿಯಾಗಿಯೇ ಆರಿಸಿತ್ತು. ಅವಳ ಸೀಟು ಕಿತ್ತುಕೊಂಡವಳು ನಾನು. ಅವಳ ತಾಯಿ ಇವತ್ತಿಗೂ ಅದು ತನ್ನದೇ ತಪ್ಪೆಂದುಕೊಂಡಿರಬಹುದು.