ಚರ್ಮ ಬಿಚ್ಚಿ ನೋಡುವ ಜ್ಯೋತಿಲಕ್ಷ್ಮಿ

ಬೆಳಿಗ್ಗೆ ಐದೂವರೆ. ದೊಡ್ಡಬಳ್ಳಾಪುರದ ಆ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮಗ್ಗಗಳು ಆಗಲೇ ಓಡುತ್ತಿವೆ. ಮೂರನೆಯದರ ಸ್ವಿಚ್ ಹಾಕಿದ ಜ್ಯೋತಿಲಕ್ಷ್ಮಿ ತಲೆ ವಾಲಿಸಿ ನಿಲ್ಲುತ್ತಾರೆ. ಹೊರಗಿನವರಿಗೆ ಕೇಳುವುದು ಬರೀ ಗದ್ದಲ. ಅದರೊಳಗೆ ಒಂದು ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿರುವುದು ಅವರಿಗೆ ಕೇಳಿಸುತ್ತದೆ. ಮಗ್ಗ ನಿಲ್ಲಿಸಿ, ಲಾಳಿ ತಳ್ಳುವ ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡುತ್ತಾರೆ. ಸಡಿಲವಾಗಿದೆ.

“ನೆನ್ನೆ ರಿಪೇರಿಯವ್ರು ಬಂದು ಎಲ್ಲಾ ಸರಿಯಾಯ್ತು ಅಂದ್ಬಿಟ್ಟು ಹೋದ್ರು. ಅವರು ಅಂದ್ರೆ ಆಗೋಯ್ತಾ? ನಾನು ನೋಡ್ಬೇಕಲ್ಲ” ಎನ್ನುತ್ತಾ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಜ್ಯೋತಿಲಕ್ಷ್ಮಿಗೆ ನಲವತ್ತೆಂಟು ವರ್ಷ. ಹಗಲು ಸೀರೆ ನೇಯುತ್ತಾರೆ, ಮದುವೆ ಮತ್ತು ಗಣೇಶನ ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾರೆ. ವರ್ಷಕ್ಕೆ ನಲವತ್ತು ಕಾರ್ಯಕ್ರಮ, ಒಳ್ಳೆಯ ವರ್ಷವಾದರೆ ಐವತ್ತು. ವೇದಿಕೆಯಲ್ಲಿ ಹಾಡುವವರ ಹೆಸರು ಕೂಗುತ್ತಾರೆ, ಕೀಬೋರ್ಡಿನವರದ್ದನ್ನೂ ಕೂಗುತ್ತಾರೆ. ಹಿಂದೆ ಕೂತ ಇವರ ಹೆಸರು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಇವರಿಗೆ ಇನ್ನೊಂದು ಕೆಲಸವೂ ಇದೆ, ಅದಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಸುತ್ತಮುತ್ತ ಯಾರಾದರೂ ಹಳೆಯ ಡ್ರಮ್ ಸೆಟ್ ಕೊಳ್ಳುವ ಮುಂಚೆ ಇವರನ್ನು ಕರೆದೊಯ್ಯುತ್ತಾರೆ. ಈವರೆಗೆ ಮೂವತ್ತೊಂದು ಸೆಟ್ ನೋಡಿದ್ದಾರೆ. ‘ತಗೊಳ್ಳಿ’ ಎಂದದ್ದು ಒಂಬತ್ತಕ್ಕೆ ಮಾತ್ರ.

ಡ್ರಮ್ಸ್ ಕಲಿತದ್ದೂ ಮಗ್ಗದ ಪಕ್ಕದಲ್ಲೇ. ಶೆಡ್ಡಿನ ಮೇಲಿನ ಕೋಣೆಯನ್ನು ಅಂಬರೀಶ್ ಎಂಬ ಆರ್ಕೆಸ್ಟ್ರಾದವರು ಅಭ್ಯಾಸಕ್ಕೆಂದು ಬಾಡಿಗೆಗೆ ಹಿಡಿದಿದ್ದರು. ಹತ್ತೊಂಬತ್ತರ ಹುಡುಗಿ ಒಂದು ದಿನ ಮೆಟ್ಟಿಲು ಹತ್ತಿ ಹೋಗಿ, ನಿಮ್ಮ ಡ್ರಮ್ಸ್‌ನವರು ಪಲ್ಲವಿ ಬಂದಾಗಲೆಲ್ಲ ತಾಳ ಬಿಟ್ಟು ಮುಂದೆ ಓಡುತ್ತಾರೆ ಎಂದು ದೂರು ಹೇಳಿದಳು. “ಹಂಗಾದ್ರೆ ನೀನೇ ಕೂತ್ಕೊಂಡು ತೋರ್ಸಮ್ಮ” ಎಂದರಂತೆ ಅಂಬರೀಶ್. ಎರಡು ವರ್ಷದ ಮೇಲೆ ಆ ಕುರ್ಚಿ ಅವಳದ್ದೇ ಆಯಿತು. ಡ್ರಮ್ಸ್ ಮಾತ್ರ ಅಂಬರೀಶರದ್ದು.

ಸ್ವಂತದ್ದೊಂದು ಬೇಕೆಂಬ ಆಸೆಗೆ ಎಂಟು ವರ್ಷದ ಹಿಂದೆ ಬೆಂಗಳೂರಲ್ಲಿ ‘ಹಳೇ ಫಾರಿನ್ ಸೆಟ್’ ಒಂದನ್ನು ಕೊಂಡರು. ಎರಡನೆಯ ಕಾರ್ಯಕ್ರಮದಲ್ಲೇ, ತುಂಬಿದ ಛತ್ರದ ಮುಂದೆ, ಬೇಸ್ ಡ್ರಮ್ಮಿನ ಹಿಡಿಕೆ ಕಿತ್ತು ಬಂತು. ಮೇಲಿನ ಬಣ್ಣದ ಹಾಳೆ ಸುಲಿದರೆ ಒಳಗಿದ್ದದ್ದು ಪೆಟ್ಟಿಗೆ ಮಾಡುವ ಪ್ಲೈವುಡ್. “ಅವತ್ತಿಂದ ನಾನು ಯಾರ್ ಬಾಯಿ ಮಾತೂ ನಂಬಲ್ಲ. ಚರ್ಮ ಬಿಚ್ಚಿ ಒಳಗಡೆ ನೋಡ್ತೀನಿ.”

ಹಾಗಿರುವಾಗ ಕಳೆದ ಕಾರ್ತಿಕದಲ್ಲಿ ಹೊಸಕೋಟೆ ಕಡೆಯ ಅನುಗೊಂಡನಹಳ್ಳಿಯಿಂದ ಸುದ್ದಿ ಬಂತು. ನಿವೃತ್ತ ಶಿಕ್ಷಕಿ ಪ್ರಮೋದಾ ಅವರ ಮನೆಯಲ್ಲಿ ಐವತ್ತು ವರ್ಷದ ಹಿಂದಿನ ವಿದೇಶಿ ಸೆಟ್ ಮಾರಾಟಕ್ಕಿದೆ. ಅದು ಅವರ ಅಣ್ಣ ಅಶೋಕ್ ಅವರದ್ದು. ಬೆಂಗಳೂರಿನ ಹೋಟೆಲುಗಳಲ್ಲಿ ಬಾರಿಸುತ್ತಿದ್ದ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ತಮಗೇ ಕೊಳ್ಳಲೆಂದು ಹೋದ ಜ್ಯೋತಿಲಕ್ಷ್ಮಿಗೆ ಪ್ರಮೋದಾ ಹೇಳಿದ ಬೆಲೆ ಕೇಳಿದೊಡನೆ ಅನುಮಾನ ಶುರುವಾಯಿತು. ತೀರಾ ಕಡಿಮೆ. ಚೌಕಾಸಿಗೂ ಆಕೆ ಬಾಯಿ ತೆರೆಯಲಿಲ್ಲ. “ನನಗೆ ಇದರ ಗಂಧ ಗಾಳಿ ಗೊತ್ತಿಲ್ಲಮ್ಮ” ಎಂದದ್ದು ಇನ್ನಷ್ಟು ಅನುಮಾನಕ್ಕೆ ದಾರಿಯಾಯಿತು. ಗೊತ್ತಿಲ್ಲ ಎನ್ನುವವರೇ ಎಲ್ಲಕ್ಕಿಂತ ಹೆಚ್ಚು ಗೊತ್ತಿರುವವರು ಎಂಬುದು ಜ್ಯೋತಿಲಕ್ಷ್ಮಿಯ ಅನುಭವ.

ಅಂಗಳದ ಕಲ್ಲುಚಪ್ಪಡಿಯ ಮೇಲೆ ನಾಲ್ಕೂ ಡ್ರಮ್ ಇಳಿಸಿ, ಒಂದೊಂದರದ್ದೇ ಚರ್ಮ ಬಿಚ್ಚಿದರು. ಚರ್ಮವಿಲ್ಲದ ಬರಿಯ ಮರದ ಬಳೆಯನ್ನು ಚಪ್ಪಡಿಯ ಮೇಲಿಟ್ಟು ಒಳಗೆ ಟಾರ್ಚ್ ಹಿಡಿದರು. ಅಂಚು ಸವೆದಿದ್ದರೆ ಸಂದಿಯಲ್ಲಿ ಬೆಳಕು ಸೋರುತ್ತದೆ. ಸೋರಲಿಲ್ಲ. ಮೂಗು ಇಟ್ಟು ಮೂಸಿದರು, ಹಳೆಯ ಮರದ ವಾಸನೆ. ಹೊಸದಾಗಿ ಕೊರೆದ ತೂತಿಲ್ಲ. ಒಳಗೋಡೆಯಲ್ಲಿ ಪೆನ್ಸಿಲಿನ ಬರಹ: ‘ಅಶೋಕ್ ೧’. ಮುಂದಿನದರಲ್ಲಿ ೨, ಅದರ ಮುಂದಿನದರಲ್ಲಿ ೩. ನಾಲ್ಕನೆಯದು ಸ್ನೇರ್, ತಳದಲ್ಲಿ ತಂತಿ ಬಿಗಿದ ಚಿಕ್ಕ ಡ್ರಮ್. ಇಡೀ ಸೆಟ್ಟಿನ ಜೀವ ಅದರಲ್ಲೇ ಇರುವುದು. ಅದರೊಳಗೆ ಬರಹವಿಲ್ಲ. ವಾರ್ನಿಷ್ ಘಮ್ಮೆನ್ನುತ್ತಿತ್ತು.

“ಟೀಚರ್, ಇದು ಈ ಸೆಟ್ಟಿಂದಲ್ಲ. ಒಳ್ಳೇದನ್ನ ತೆಗೆದು ಬೇರೆ ಕಡೆ ಮಾರ್ಕೊಂಡಿದ್ದೀರ?”

ಪ್ರಮೋದಾರ ಮುಖ ಕಪ್ಪಿಟ್ಟಿತು. “ನಮ್ಮಣ್ಣನ ಸಾಮಾನು ಕಣಮ್ಮ ಅದು. ನಾನ್ಯಾಕೆ ಬದಲಾಯಿಸ್ಲಿ?” ಎಂದರು. ಆಮೇಲೆ ನೆನಪಿಸಿಕೊಂಡು ಹೇಳಿದರು. ಹೋದ ತಿಂಗಳು ಹೊಸಕೋಟೆಯಿಂದ ಸುನಿಲ್‌ಕುಮಾರ್ ಎಂಬ ಹಳೆ ವಾದ್ಯಗಳ ವ್ಯಾಪಾರಿ ಬಂದಿದ್ದ. ಬೆಲೆ ಕಟ್ಟಿದವನೂ ಅವನೇ. ಇದೊಂದಕ್ಕೆ ಚರ್ಮ ಹಾಳಾಗಿದೆ, ಬದಲಾಯಿಸಿ ತರುತ್ತೇನೆ ಎಂದು ಒಯ್ದು, ಎರಡು ದಿನ ಬಿಟ್ಟು ತಂದುಕೊಟ್ಟಿದ್ದ.

ಈ ಕಥೆಯನ್ನೂ ಜ್ಯೋತಿಲಕ್ಷ್ಮಿ ಪೂರ್ತಿ ನಂಬಲಿಲ್ಲ. “ನಿಜ ಹೇಳ್ಬೇಕು ಅಂದ್ರೆ, ಇಬ್ರೂ ಸೇರಿ ಆಡ್ತಿರೋ ಆಟ ಇರ್ಬೋದು ಅಂತಾನೇ ಅಂದ್ಕೊಂಡೆ. ಅದಕ್ಕೇ ಟೀಚರನ್ನೂ ಜೊತೆಗೆ ಕರ್ಕೊಂಡು ಹೋದೆ. ಮುಖ ನೋಡಿದ್ರೆ ಗೊತ್ತಾಗತ್ತಲ್ಲ.”

ಹೊಸಕೋಟೆಯಲ್ಲಿ ಪ್ರಮೋದಾರನ್ನು ರಸ್ತೆಯಾಚೆಯ ಬೇಕರಿಯಲ್ಲಿ ಕೂರಿಸಿ, ಇವರೊಬ್ಬರೇ ಆ ವ್ಯಾಪಾರಿಯ ಅಂಗಡಿ ಹೊಕ್ಕರು. ಒಳ್ಳೆಯ ಹಳೆಯ ಸ್ನೇರ್ ಬೇಕೆಂದರು.

“ಮಗನಿಗಾ ಅಕ್ಕ?”

“ಹ್ಞೂಂ.”

ಸುನಿಲ್‌ಕುಮಾರ್ ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ಒಳಗಿಂದ ತಂದ. ಅಪ್ಪಟ ಫಾರಿನ್, ಈ ಕಡೆ ಇಂಥದ್ದು ಎರಡನೆಯದಿಲ್ಲ ಎಂದ. ಚರ್ಮ ಬಿಚ್ಚಿ ತೋರಿಸಿ ಎಂದರೆ, “ಬಿಚ್ಚಿದ್ರೆ ಶ್ರುತಿ ಹೋಗ್ಬಿಡತ್ತಕ್ಕ, ನಿಮಗೆ ಗೊತ್ತಾಗಲ್ಲ” ಎಂದು ನಕ್ಕ. ಜ್ಯೋತಿಲಕ್ಷ್ಮಿ ಪರ್ಸಿನಿಂದ ಡ್ರಮ್ ಬಿಚ್ಚುವ ತಮ್ಮದೇ ಕೀಲಿ ತೆಗೆದು ತಿರುಪು ಸಡಿಲಿಸತೊಡಗಿದರು. ಆ ಕೈಯ ವೇಗ ನೋಡಿದ ಮೇಲೆ ಅವನ ನಗು ನಿಂತಿತು. ಒಳಗೆ ಟಾರ್ಚ್ ಬಿಟ್ಟರೆ ಪೆನ್ಸಿಲ್ ಬರಹ ಕಂಡಿತು: ‘ಅಶೋಕ್ ೪’.

ಕರೆದಾಗ ರಸ್ತೆ ದಾಟಿ ಬಂದ ಪ್ರಮೋದಾ ಅಣ್ಣನ ಕೈಬರಹ ಕಂಡರು. ಅಕ್ಷರದ ಮೇಲೆ ಬೆರಳಿಟ್ಟು ನಿಂತರು. ಆಗ ಅವರ ಮುಖ ನೋಡಿದ ಜ್ಯೋತಿಲಕ್ಷ್ಮಿಗೆ ತಾವು ಅಂಗಳದಲ್ಲಿ ಆಡಿದ ಮಾತು ಚುಚ್ಚಿತಂತೆ.

“ಅಂಗಡೀಲಿ ಅದಲು ಬದಲು ಆಗಿರ್ಬೇಕು ಟೀಚರ್” ಎಂದ ಸುನಿಲ್‌ಕುಮಾರ್.

“ಆಗಿರ್ಬೋದಪ್ಪ” ಎಂದ ಜ್ಯೋತಿಲಕ್ಷ್ಮಿ, ಪ್ರಮೋದಾ ಹಿಡಿದು ಬಂದಿದ್ದ ಚೀಲದಿಂದ ವಾರ್ನಿಷ್ ವಾಸನೆಯದ್ದನ್ನು ತೆಗೆದು ಮೇಜಿನ ಮೇಲಿಟ್ಟರು. “ತಗೋ, ನಿಂದು ನಿನಗೆ.”

ಸಾಲದ್ದಕ್ಕೆ, ಹೊಸಕೋಟೆ ಬಸ್ ನಿಲ್ದಾಣದಲ್ಲಿ ನಿಂತು ತಮ್ಮ ಆಸೆಗೆ ತಾವೇ ಕಲ್ಲು ಹಾಕಿಕೊಂಡರು. “ಟೀಚರ್, ಅವನು ಹೇಳ್ಕೊಟ್ಟ ಬೆಲೆ ಸುಳ್ಳು. ನಾಲ್ಕೂ ಸೇರಿದ್ರೆ ಅದರ ಎರಡರಷ್ಟು ಬಾಳತ್ತೆ. ಅಷ್ಟು ಕೊಡೋಕೆ ನನ್ನ ಕೈಲಿ ಆಗಲ್ಲ. ಬೇರೆಯವ್ರಿಗೆ ಮಾರಿ, ನಾನೇ ಬಂದು ಆ ಬೆಲೆ ಕೊಡಿಸ್ತೀನಿ.”

ಈ ಸಲ ಅನುಮಾನಪಡುವ ಸರದಿ ಪ್ರಮೋದಾ ಅವರದ್ದು. ಕೊಳ್ಳಲು ಬಂದವಳೇ ಬೆಲೆ ಏರಿಸಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಹತ್ತು ದಿನ ಅವರ ಫೋನ್ ಇಲ್ಲ. ಹನ್ನೊಂದನೆಯ ದಿನ ಬಂತು. “ಬೆಂಗಳೂರಲ್ಲಿ ಇಬ್ಬರನ್ನ ವಿಚಾರಿಸಿದೆ. ನೀನು ಹೇಳಿದ್ದೇ ಸರಿ. ವಿಚಾರಿಸಿದೆ ಅಂತ ಬೇಜಾರ್ ಮಾಡ್ಕೋಬೇಡಮ್ಮ.”

“ಇಲ್ಲ ಟೀಚರ್. ನಾನಾಗಿದ್ರೆ ನಾಲ್ಕು ಜನರನ್ನ ವಿಚಾರಿಸ್ತಿದ್ದೆ.”

“ಒಂದ್ಸಲ ಬಂದು ಬಾರಿಸು. ಕೇಳ್ಬೇಕು ಅನ್ಸಿದೆ.”

ಭಾನುವಾರ ಹೋದರು. ಶ್ರುತಿ ಕೂಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಆಮೇಲೆ ಆರ್ಕೆಸ್ಟ್ರಾದ ಅಬ್ಬರ ಬಿಟ್ಟು, ಸ್ನೇರಿನ ಮೇಲೆ ಮೆಲ್ಲಗೆ ಕೋಲು ಉರುಳಿಸುತ್ತಾ ಬಾರಿಸಿದರು. ಬಾಗಿಲಿಗೆ ಒರಗಿ ನಿಂತಿದ್ದ ಪ್ರಮೋದಾ, “ಅಣ್ಣ ಜೋರಾಗಿ ಬಾರಿಸ್ತಿದ್ದ, ಅಕ್ಕಪಕ್ಕದವ್ರು ಜಗಳಕ್ಕೆ ಬರ್ತಿದ್ರು. ನಿನ್ನ ಕೈ ಮೆತ್ತಗಿದೆ” ಎಂದರು. ಮೊದಲು ಹೇಳಿದ ಬೆಲೆಗೇ ತೆಗೆದುಕೊಂಡು ಹೋಗು ಎಂದರು. ಜ್ಯೋತಿಲಕ್ಷ್ಮಿ ಒಪ್ಪಲಿಲ್ಲ. ಟೀಚರೂ ಬಿಡಲಿಲ್ಲ. ಎರಡು ಲೋಟ ಕಾಫಿ ಮುಗಿಯುವ ಹೊತ್ತಿಗೆ ನಡುವಿನ ಒಂದು ಬೆಲೆಗೆ ಇಬ್ಬರೂ ಬಂದರು.

ಈಗ ಸೆಟ್ ಜ್ಯೋತಿಲಕ್ಷ್ಮಿಯ ನಡುಮನೆಯಲ್ಲಿದೆ. ಯುಗಾದಿಯಿಂದೀಚೆಗೆ ಹದಿನೇಳು ಕಾರ್ಯಕ್ರಮ ಮುಗಿಸಿದೆ. ಒಂದು ತಿರುಪೂ ಸಡಿಲವಾಗಿಲ್ಲ. ಆದರೂ ಪ್ರತಿ ಸಲ ವೇದಿಕೆ ಹತ್ತುವ ಮುಂಚೆ ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಮೊನ್ನೆ ಬೇಸ್ ಡ್ರಮ್ಮಿನ ಅಂಚಿನಲ್ಲಿ ಸಣ್ಣ ಸೀಳು ಕಾಣಿಸಿಕೊಂಡಿತು. ಅಂಟು ಹಾಕಿ ಕೂಡಿಸಿದರು. ಬಣ್ಣ ಬಳಿದು ಮರೆಮಾಡಲಿಲ್ಲ, ಸೀಳಿನ ಪಕ್ಕದಲ್ಲೇ ಪೆನ್ಸಿಲಿನಿಂದ ರಿಪೇರಿಯ ತಾರೀಖು ಬರೆದಿಟ್ಟಿದ್ದಾರೆ.

“ನನ್ನ ಕೈಲಿ ಇನ್ನು ಹತ್ತು ಹನ್ನೆರಡು ವರ್ಷ ಬಾರಿಸೋಕಾಗತ್ತೇನೋ. ಆಮೇಲೆ ಇದು ಯಾರ ಮನೆಗೆ ಹೋಗತ್ತೋ ಹೋಗ್ಲಿ. ಅವರೂ ನನ್ನ ಮಾತು ನಂಬೋದು ಬೇಡ, ಬಿಚ್ಚಿ ನೋಡ್ಲಿ. ನಾನೇನೂ ಮುಚ್ಚಿಟ್ಟಿಲ್ಲ.”